ಎಡಗಾಲಿನ ಕಿರುಬೆರಳು

ಮಾರ್ಚ್ 4

ಪ್ರೀತಿಯ ಮೊಳೆಗೆ,

ಅತ್ತಿಗೆಯ ಆಶೀರ್ವಾದ. ಬರೆದು ಬಹಳ ದಿನಗಳಾದವು. ಅದಕ್ಕೆ ನೀನೂ ಕಾರಣ, ನಾನೂ ಕಾರಣ, ಆ ಮಾತು ಬೇಡ. ಮೊಳೆ ಎಂದು ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹರಾಜು ಕಂಪನಿಯಲ್ಲಿ ಈಗ ನಿನ್ನನ್ನು ತಜ್ಞರು ಎನ್ನುತ್ತಾರಂತೆ. ನನಗೆ ಮಾತ್ರ ನೀನು ಮಾವನ ಬೂಟಿನ ಅಂಗಡಿಯಲ್ಲಿ, ಅವರ ಹಾಗೆಯೇ ಬಾಯಿ ತುಂಬ ಮೊಳೆ ಇಟ್ಟುಕೊಂಡು ಕೂತು, ಒಂದನ್ನು ನುಂಗಿ ಮನೆಯವರ ಜೀವ ಹಾರಿಸಿದ ಹುಡುಗನೇ.

ಒಂದು ವಿಷಯಕ್ಕೆ ಬರೆಯುತ್ತಿದ್ದೇನೆ. ನಾನು ಪರದೆ ಹೊಲಿದುಕೊಡುವ ಅಂಗಡಿಯವರು ಬಟ್ಟೆಯನ್ನು ಪತ್ರಿಕೆಯಲ್ಲಿ ಸುತ್ತಿ ಕಳಿಸುತ್ತಾರೆ. ಈ ಸಲದ ಹಾಳೆಯಲ್ಲಿ ಒಬ್ಬ ಮೂಳೆ ಡಾಕ್ಟರರ ಲೇಖನವಿತ್ತು. ನಮ್ಮನ್ನೆಲ್ಲ ಆಳಿ ಹೋದ ಆ ಜನರಲ್‌ನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತಂತೆ. ಸಂಜೆಯ ಹೊತ್ತಿಗೆ ಅದು ನೋಯುತ್ತಿತ್ತಂತೆ. ಜನರನ್ನು ಹಿಡಿದು ತರುವ ಆಜ್ಞೆಗಳಿಗೆ ಅವನು ಸಹಿ ಹಾಕುತ್ತಿದ್ದುದೂ ಸಂಜೆಯೇ ಅಂತೆ. ಆದ್ದರಿಂದ ಅವನ ಕ್ರೌರ್ಯ ಅರ್ಥವಾಗಬೇಕಾದರೆ ಮೊದಲು ಅವನ ಕಾಲನ್ನು ನೋಡಬೇಕಂತೆ. ಇದಕ್ಕೆ ಪುರಾವೆ ಅವನ ಬೂಟುಗಳು. ಪ್ರತಿ ಜೋಡಿಯ ಎಡ ಬೂಟಿನಲ್ಲೂ ಆ ಬೆರಳು ಎಬ್ಬಿಸಿದ ಉಬ್ಬು ಇದೆ, ಅದನ್ನು ಮೊದಲು ಗುರುತಿಸಿದವರು ನಿಮ್ಮ ಕಂಪನಿಯ ತಜ್ಞರು ಎಂದು ಬರೆದಿದ್ದಾರೆ. ಅಂದರೆ ನೀನು.

ಮೊಳೆ, ಅದು ನಿನ್ನ ಅಣ್ಣನ ಬೆರಳು.

ಮರೆತಿದ್ದರೆ ನೆನಪಿಸುತ್ತೇನೆ. ಜನರಲ್‌ನದು ಮೆತ್ತಗಿನ ಪಾದ, ಹೊಸ ಬೂಟು ಹಾಕಿದರೆ ಬೊಬ್ಬೆ ಏಳುತ್ತಿತ್ತು. ಅವನ ಅಳತೆಯೂ ನಿನ್ನ ಅಣ್ಣನ ಅಳತೆಯೂ ಒಂದೇ ಆಗಿದ್ದರಿಂದ ಮಾವ ಅವನಿಗಾಗಿ ಹೊಲಿದ ಪ್ರತಿ ಜೋಡಿಯನ್ನೂ ಮೊದಲು ಮಗನ ಕಾಲಿಗೆ ತೊಡಿಸುತ್ತಿದ್ದರು. ಮಹಡಿಯ ಕೋಣೆಯಲ್ಲಿ ಕಂಬಳಿ ಹಾಸಿ, ತೊಗಲು ಹದಕ್ಕೆ ಬರುವವರೆಗೆ ಇವರು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಆಮೇಲೆ ಹೊಸ ಅಟ್ಟೆ ಹೊಡೆದು ಕಳಿಸುವುದು. "ಅವನನ್ನ ಕಚ್ಚೋ ಮುಂಚೆ ನನ್ನನ್ನ ಕಚ್ಚಬೇಕು, ಅದೇ ನನ್ನ ನೌಕರಿ" ಎಂದು ನಗುತ್ತಿದ್ದರು. ಉಬ್ಬು ಎದ್ದದ್ದು ಆಗ. ಒಳಗೆ ಖಾಲಿ ಜಾಗ ಇದ್ದರೆ ಯಾರನ್ನೂ ಕಚ್ಚುವುದಿಲ್ಲ, ಹಾಗಾಗಿ ಜನರಲ್‌ಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ.

ಪತ್ರಿಕೆಗೆ ಒಂದು ಸಾಲು ಬರೆದು ಇದನ್ನು ತಿದ್ದು. ಬೇರೇನೂ ಕೇಳುವುದಿಲ್ಲ. ಮಗಳು ಚೆನ್ನಾಗಿದ್ದಾಳೆ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸವೇ ಮುಂದುವರಿದಿದೆ.

ನಿನ್ನ ಅತ್ತಿಗೆ


ಮಾರ್ಚ್ 15

ಪೂಜ್ಯ ಅತ್ತಿಗೆಗೆ,

ನಮಸ್ಕಾರಗಳು. ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ಮೊಳೆ ಎಂದು ಕರೆಯುವವರು ಈಗ ನೀವೊಬ್ಬರೇ. ಇಲ್ಲಿ ಎಲ್ಲರೂ ಸಾರ್ ಎನ್ನುತ್ತಾರೆ, ಅದೂ ಬಾಯಿ ತುದಿಯಿಂದ.

ಆ ಲೇಖನವನ್ನು ನಾನೂ ಓದಿದೆ. ಡಾಕ್ಟರು ಗುಡ್ಡ ಅಗೆದು ಇಲಿ ಹಿಡಿದಿದ್ದಾರೆ. ಅವರಿಗೂ ನನಗೂ ಪರಿಚಯವಿಲ್ಲ, ನಾನು ಅವರಿಗೆ ಏನನ್ನೂ ಹೇಳಿಕೊಟ್ಟವನಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಜನ ಓದುತ್ತಾರೆ, ಮರೆಯುತ್ತಾರೆ, ಪರದೆ ಸುತ್ತುತ್ತಾರೆ. ಸತ್ತವರ ಬೆರಳು ಯಾರದಾದರೇನು ಅತ್ತಿಗೆ? ಅಣ್ಣನೂ ಇಲ್ಲ, ಅವನೂ ಇಲ್ಲ.

ಅಪ್ಪನ ಹೆಸರು ಎಲ್ಲೂ ಬರಲಿಲ್ಲವೆಂದು ನಿಮಗೆ ನೋವಾಗಿರಬಹುದು. ಅದು ನ್ಯಾಯ. ಮುಂದಿನ ಸಲದಿಂದ ಹರಾಜಿನ ಪಟ್ಟಿಯಲ್ಲಿ ಬೂಟು ಹೊಲಿದವರು ಇಂಥವರು ಎಂದು ಅಪ್ಪನ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕಿಸುತ್ತೇನೆ.

ನನ್ನ ಕೆಲಸ ಎಂದಿನಂತಿದೆ. ನೆಲಮಾಳಿಗೆಯ ಕೋಣೆ, ಹಗಲೂ ಉರಿಯುವ ಟ್ಯೂಬ್‌ಲೈಟ್, ಹಸಿರು ಬಟ್ಟೆ ಹೊದಿಸಿದ ಉದ್ದ ಮೇಜು. ಈ ವಾರ ಜನರಲ್‌ನದೆಂದು ಒಂದು ಬಾಚಣಿಗೆ ಬಂತು, ಹಲ್ಲಿನಲ್ಲಿ ಮೂರು ಕೂದಲೂ ಇತ್ತು. ನೋಡಿದರೆ ಅವನು ಓಡಿಹೋದ ಎಷ್ಟೋ ವರ್ಷಗಳ ಮೇಲೆ ಮಾರುಕಟ್ಟೆಗೆ ಬಂದ ಬಾಚಣಿಗೆ. ತಂದವನು ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಕೂದಲು ಮಾತ್ರ ಅವನದು ಅಂತ ಬರ್ಕೊಳ್ಳಿ" ಎಂದ.

ಒಂದು ಮಾತು ಕೇಳಲೇ? ಜನರಲ್ ಬಿದ್ದ ವರ್ಷ ಮನೆಯಲ್ಲೇ ಉಳಿದುಹೋದ ಆ ಕೊನೆಯ ಜೋಡಿ ಇನ್ನೂ ಅಟ್ಟದ ಮೇಲಿದೆಯೇ? ಒಂದು ಮ್ಯೂಸಿಯಂನವರು ಕೇಳುತ್ತಿದ್ದಾರೆ. ಮರ್ಯಾದಸ್ಥರು, ಶಾಲೆಯ ಮಕ್ಕಳಿಗೆ ತೋರಿಸಿ ಬುದ್ಧಿ ಹೇಳುವವರು. ಒಳ್ಳೆಯ ಕೈಗೆ ಹೋಗುತ್ತದೆ. ಕಳಿಸಿದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಕೂಸಿಗೆ ನನ್ನ ನೆನಪು ಹೇಳಿ.

ನಿಮ್ಮ ಮೈದುನ


ಮಾರ್ಚ್ 27

ಪ್ರೀತಿಯ ಮೊಳೆಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಡಾಕ್ಟರು ನಿನಗೆ ಪರಿಚಯವೇ ಎಂದು ನಾನು ಕೇಳಿರಲಿಲ್ಲ.

ಮಾವನ ಹೆಸರು ಹಾಕಿಸಬೇಡ. ಅವರು ಬದುಕಿದ್ದಾಗಲೇ ಅಂಗಡಿಯ ಫಲಕದಿಂದ ತಮ್ಮ ಹೆಸರನ್ನು ಅಳಿಸಿದವರು. ಈಗ ಅಲ್ಲಿ ಬೀಗದ ಕೈ ಮಾಡುವವನಿದ್ದಾನೆ, ಇಡೀ ದಿನ ಕರಕರ ಸದ್ದು. ಮಹಡಿಯ ಮೇಲೆ ನಾನು ಹೊಲಿಯುತ್ತೇನೆ.

ಸತ್ತವರ ಬೆರಳು ಯಾರದಾದರೇನು ಎಂದು ಕೇಳಿದ್ದೀಯ. ನಿನ್ನ ಅಣ್ಣ ಶ್ವಾಸಕೋಶ ಕೆಟ್ಟು ಮಲಗಿದ್ದಾಗ ಉಗುರು ಕತ್ತರಿಸುತ್ತಿದ್ದವಳು ನಾನು. ಉಳಿದ ಒಂಬತ್ತು ಬೆರಳು ಸುಲಭ. ಈ ಒಂದನ್ನು ಎಡಗೈಯಿಂದ ಎತ್ತಿ ಹಿಡಿದುಕೊಳ್ಳಬೇಕಿತ್ತು. ಎತ್ತಿದಾಗಲೆಲ್ಲ "ಮೆಲ್ಲಗೆ ಕಣೆ, ಅವನು ಮಲಗಿದಾನೆ" ಎನ್ನುತ್ತಿದ್ದರು. ಮಾತಾಡುವುದಕ್ಕೆ ಉಸಿರು ಸಾಲದಿದ್ದಾಗಲೂ ಅದೊಂದು ತಮಾಷೆ ಬಿಡಲಿಲ್ಲ.

ಇನ್ನೊಂದು ಮಾತು ನಿನಗೆ ಗೊತ್ತಿದ್ದರೂ ಬರೆಯುತ್ತೇನೆ. ನನ್ನ ತಮ್ಮನನ್ನು ಜನರಲ್‌ನ ಜನ ಕಾಲೇಜಿನ ಗೇಟಿನಿಂದ ಕರೆದುಕೊಂಡು ಹೋದ ದಿನ ನಿನ್ನ ಅಣ್ಣ ಮಹಡಿಯಲ್ಲಿ ಆ ಜನರಲ್‌ನ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ನಾನು ಕೆಳಗೆ ನಿಂತು ಸದ್ದು ಕೇಳುತ್ತಿದ್ದೆ. ತಮ್ಮ ತಿರುಗಿ ಬರಲಿಲ್ಲ. ಜನರಲ್‌ಗೆ ಬೂಟು ಹೊಲಿದುಕೊಟ್ಟ ಮನೆಯ ಸೊಸೆ ಎಂದು ನನ್ನ ತವರೂ ಮುಚ್ಚಿತು. ನಿನ್ನ ಅಣ್ಣ ಅದಾದ ಮೇಲೆ ಒಂದೇ ಒಂದು ಜೋಡಿ ಹದ ಮಾಡಿದರು, ಮಾಡದಿದ್ದರೆ ಮಾವನನ್ನು ಒಯ್ಯುತ್ತಿದ್ದರು. ಅದೇ ಅಟ್ಟದ ಮೇಲಿರುವ ಜೋಡಿ. ಅಂಥವನ ಕಾಲಿಗೆ ಇವರ ಬೆರಳನ್ನು ಅಂಟಿಸಬೇಡಿ ಎನ್ನುವುದು ದೊಡ್ಡ ಬೇಡಿಕೆ ಎಂದು ನನಗೆ ಅನಿಸುವುದಿಲ್ಲ.

ನನಗೆ ಕೋಪ ಬಂದಿಲ್ಲ. ಕೂತಲ್ಲೇ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮನಸ್ಸು ಹಾಗಿದೆ. ಚುಚ್ಚಿದರೆ ಚುಚ್ಚಿದ್ದು ತಿಳಿಯುತ್ತದೆ, ನೋಯುವುದಿಲ್ಲ.

ಬೂಟು ಕಳಿಸುವುದಿಲ್ಲ. ಇಂಥವನ್ನು ಕೊಳ್ಳುವವರು ಯಾರು? ಮನೆಗೆ ಒಯ್ದು ಏನು ಮಾಡುತ್ತಾರೆ? ಅದನ್ನಾದರೂ ಬರೆ.

ನಿನ್ನ ಅತ್ತಿಗೆ


ಏಪ್ರಿಲ್ 10

ಪೂಜ್ಯ ಅತ್ತಿಗೆಗೆ,

ಕೊಳ್ಳುವವರಿಗೆ ಕೊಂಬೇನೂ ಇಲ್ಲ. ಒಬ್ಬರು ಹಲ್ಲಿನ ಡಾಕ್ಟರು. ಜನರಲ್‌ನ ಕೈಗವಸು ಅವರ ಊಟದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ, ಪಕ್ಕದಲ್ಲೇ ಮಕ್ಕಳು ಶಾಲೆಯಲ್ಲಿ ಗೆದ್ದ ಕಪ್ಪುಗಳು. ಒಬ್ಬರು ಹಡಗಿನ ಎಂಜಿನಿಯರು, ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಮೊದಲು ಅಂಚೆಚೀಟಿ ಕೂಡಿಸಿದರು, ಈಗ ಅವನ ಬೂಟು. ಒಬ್ಬ ಹೆಂಗಸಿದ್ದಾರೆ, ಅವರ ತಂದೆ ಜನರಲ್‌ನ ಜೈಲಿನಲ್ಲಿ ಸತ್ತರು. ಅವರೂ ಒಂದು ಜೋಡಿ ಬೂಟು ಕೊಂಡು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾರೆ. "ಹೊರಗೆ ಓಡಾಡ್ದೇ ಇದ್ರೆ ಸಾಕು ನನಗೆ" ಎಂದರು. ಮತ್ತೊಬ್ಬರು ಬೂಟು ಕೊಂಡ ದಿನ ಬಾಗಿಲು ಹಾಕಿಕೊಂಡು ಅದರೊಳಗೆ ಕಾಲು ತೂರಿಸಿ ನೋಡಿದರಂತೆ. ಹೇಗಿತ್ತು ಎಂದು ಕೇಳಿದೆ. "ಬಿಗಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮಾರುವುದು ಸರಿಯೇ ಎಂದು ನೀವು ಕೇಳದಿದ್ದರೂ ಕೇಳಿದಂತೆಯೇ ಆಯಿತು. ನಮ್ಮ ಮಾಲೀಕರು "ನಾವು ತೊಗಲು ಮಾರ್ತೀವಿ, ಮನುಷ್ಯನನ್ನಲ್ಲ" ಎನ್ನುತ್ತಾರೆ. ಬರೀ ತೊಗಲಾದರೆ ಒಬ್ಬರೂ ಮೆಟ್ಟಿಲು ಹತ್ತುವುದಿಲ್ಲ ಎಂದು ಅವರಿಗೂ ಗೊತ್ತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ನನ್ನ ಉತ್ತರ ಬೇರೆ ಇತ್ತು. ಎಲ್ಲವನ್ನೂ ಎಸೆದುಬಿಟ್ಟರೆ ನಾಳೆ ಇಂಥವನೊಬ್ಬ ಇರಲೇ ಇಲ್ಲ ಎನ್ನುತ್ತಾರೆ, ವಸ್ತು ಉಳಿದರೆ ಸಾಕ್ಷಿ ಉಳಿಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಹೇಳಿ ಹೇಳಿ ಅದು ಬಾಯಿಪಾಠವಾಗಿಹೋಗಿದೆ. ಈಗ ಅದರಲ್ಲಿ ನಿಜವೆಷ್ಟು ಎಂದು ನನಗೇ ತಿಳಿಯುವುದಿಲ್ಲ.

ತಿದ್ದುಪಡಿಯ ಮಾತು. ಅತ್ತಿಗೆ, ಆ ಉಬ್ಬನ್ನು ನಂಬಿ ಕಂಪನಿ ಪ್ರಮಾಣಪತ್ರ ಕೊಟ್ಟಿದೆ. ಉಬ್ಬು ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಅದು ಜನರಲ್‌ನ ಬೆರಳಲ್ಲ ಎಂದು ನಾನೇ ಬರೆದರೆ ಮರುದಿನ ನನಗೆ ಈ ಮೇಜಿಲ್ಲ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಲಿ? ನಾನು ನಿವೃತ್ತನಾಗುವವರೆಗೆ ತಡೆಯಿರಿ, ಆಮೇಲೆ ಖಂಡಿತ ಬರೆಯುತ್ತೇನೆ, ಮಾತು ಕೊಡುತ್ತೇನೆ. ಅಲ್ಲಿಯವರೆಗೆ ಯಾರಿಗೆ ಏನು ನಷ್ಟ?

ನಿಮ್ಮ ಮೈದುನ


ಏಪ್ರಿಲ್ 21

ಮೊಳೆ,

ಯಾರಿಗೆ ಏನು ನಷ್ಟ ಎಂದು ಕೇಳಿದ್ದೀಯ. ಇದನ್ನು ಬರೆಯಬಾರದು ಎಂದಿದ್ದೆ. ಅತ್ತಿಗೆ ಕೇಳಿದಳಲ್ಲ ಎಂದು ಮರುಟಪಾಲಿನಲ್ಲೇ ಮಾಡಿಬಿಡುತ್ತೀಯ, ಹೇಳುವ ಪ್ರಮೇಯವೇ ಬರುವುದಿಲ್ಲ ಎಂದುಕೊಂಡಿದ್ದೆ.

ಮಗಳಿಗೆ ಅಪ್ಪನ ಬೆರಳೇ ಬಂದಿದೆ. ಅವಳು ಹುಟ್ಟಿದಾಗ ನೀನು ಊರಿನಲ್ಲಿರಲಿಲ್ಲ, ಆಮೇಲೆ ಬಂದಾಗ ಅವಳ ಕಾಲಲ್ಲಿ ಸಾಕ್ಸ್ ಇರುತ್ತಿತ್ತು. ನಿನಗೆ ಗೊತ್ತಿರಲಿಕ್ಕಿಲ್ಲ. ಈಜು ಕಲಿಸುವವಳು ಬರಿಗಾಲಿನಲ್ಲೇ ನಿಲ್ಲಬೇಕು. ಆ ಲೇಖನ ಬಂದ ವಾರ, ಮಗುವನ್ನು ಬಿಡಲು ಬಂದ ಒಬ್ಬರು ಬೆಂಚಿನ ಮೇಲೆ ಕೂತು ನೋಡಿ, "ಏನ್ ಮೇಡಂ, ನಿಮ್ದೂ ಜನರಲ್ ಬೆರಳಾ?" ಎಂದರಂತೆ. ಅವಳೇ ಮನೆಗೆ ಬಂದು ನಗುತ್ತ ಹೇಳಿದಳು. ನಾನು ನಿನಗೆ ಬರೆದದ್ದು ಅದರ ಮರುದಿನ. ಹಾಳೆಯನ್ನು ಹುಡುಕಿ ಇಟ್ಟುಕೊಂಡದ್ದೂ ಅದಕ್ಕೇ.

ತಮಾಷೆ ಹೆಚ್ಚು ದಿನ ತಮಾಷೆಯಾಗಿ ಉಳಿಯಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೋ ಅವಳ ವಯಸ್ಸು ಎಣಿಸಿದರು. ಅವಳು ಹುಟ್ಟಿದ ವರ್ಷ ಜನರಲ್ ಇನ್ನೂ ಇದ್ದ. ನಾನು ಅವನ ದೊಡ್ಡ ಬಂಗಲೆಗೆ ಬೂಟು ತಲುಪಿಸಲು ಹೋಗುತ್ತಿದ್ದೆ ಎಂದು ಇನ್ನಾರೋ ನೆನಪು ಮಾಡಿಕೊಂಡರು. ಹೋಗಿದ್ದು ನಿಜ. ಮಾವನಿಗೆ ಮಂಡಿನೋವು ಇದ್ದಾಗ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕಾವಲಿನವನ ಕೈಗೆ ಕೊಟ್ಟು ಬರುತ್ತಿದ್ದೆ. ಜನರಲ್‌ನನ್ನು ನಾಣ್ಯದ ಮೇಲೆ ಬಿಟ್ಟರೆ ನಾನು ಇನ್ನೆಲ್ಲೂ ನೋಡಿದವಳಲ್ಲ. ಆದರೆ ಆಡುವವರ ಬಾಯಿಗೆ ಬೀಗ ಹಾಕಲು ಕೆಳಗಿನ ಬೀಗದ ಕೈಯವನಿಂದಲೂ ಆಗುವುದಿಲ್ಲ.

ಮಕ್ಕಳನ್ನು ಒಬ್ಬೊಬ್ಬರಾಗಿ ಅವಳ ತರಗತಿಯಿಂದ ಬಿಡಿಸಿದರು. ಮ್ಯಾನೇಜರು ಒಳ್ಳೆಯವರೇ. "ಸ್ವಲ್ಪ ದಿನ ಟಿಕೆಟ್ ಕೊಡೋ ಕಡೆ ಕೂತ್ಕೊಳ್ಳಮ್ಮ, ಅಲ್ಲಿ ಶೂ ಹಾಕ್ಕೋಬಹುದು" ಎಂದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಳೆದ ವಾರ ಒಬ್ಬ ಮನುಷ್ಯ ಮನೆಗೆ ಬಂದ. ಇಸ್ತ್ರಿ ಮಾಡಿದ ಬಟ್ಟೆ, ವಿನಯದ ಮಾತು, ಕೈಯಲ್ಲಿ ಒಂದು ಚರ್ಮದ ಚೀಲ. "ಅಮ್ಮಾ, ನಿಮ್ಮ ಮಗಳ ಎಡಗಾಲಿನ ಒಂದು ಅಚ್ಚು ತಗೋಬಹುದಾ? ಪ್ಲಾಸ್ಟರ್ ಅಷ್ಟೇ, ನೋವೇನೂ ಆಗಲ್ಲ. ಜೋಡಿಸಿ ಇಡೋಕೆ ನನ್ನ ಹತ್ರ ಅವರ ಬೂಟಿದೆ" ಎಂದ. ಅವರ ಬೂಟು ಎಂದ, ಬಹುವಚನದಲ್ಲಿ. ಮಗಳು ತಲೆ ಒರೆಸಿಕೊಳ್ಳುತ್ತ ಹಿಂದೆಯೇ ನಿಂತಿದ್ದಳು. ಅವನನ್ನು ಕಳಿಸಿದ ಮೇಲೆ ಕೇಳಿದಳು.

"ಅಮ್ಮ, ನೀನು ಬಂಗಲೆ ಒಳಗೆ ಹೋಗಿದ್ಯಾ?"

"ಇಲ್ಲ."

"ಸರಿ" ಎಂದಳು. ಕೇಳಬಾರದಿತ್ತು ಎಂದು ಅವಳಿಗೂ ಗೊತ್ತಾಯಿತು. ಎದ್ದು ಹೋಗಿ ನನಗೆ ಕಾಫಿ ಮಾಡಿಕೊಟ್ಟಳು. ಕುಡಿದೆ.

ಮಾರನೆಯ ಬೆಳಿಗ್ಗೆ ಅಟ್ಟದಿಂದ ಆ ಜೋಡಿಯನ್ನು ಇಳಿಸಿ ಈಜುಕೊಳದ ಬಾಯ್ಲರ್ ಕೋಣೆಗೆ ಒಯ್ದೆ. ಬಾಯ್ಲರ್ ನೋಡಿಕೊಳ್ಳುವವನು "ಒಳ್ಳೆ ಬೂಟಲ್ವಾ ಅಮ್ಮ, ನನಗೇ ಕೊಡಿ" ಎಂದ. ಬೇಡಪ್ಪ ಎಂದೆ. ತೊಗಲು ಬೇಗ ಹತ್ತಿಕೊಳ್ಳಲಿಲ್ಲ. ಆಮೇಲೆ ಉರಿಯಿತು. ನೀರು ಬೆಚ್ಚಗಾಯಿತು, ಮಕ್ಕಳು ಈಜಿದರು. ನಾನು ಮನೆಗೆ ಬಂದು ಒಂದು ಪರದೆ ಮುಗಿಸಿದೆ.

ಇನ್ನು ನೀನು ಬರೆಯಬೇಕು.

ಅತ್ತಿಗೆ


ಮೇ 5

ಅತ್ತಿಗೆ,

ತಿದ್ದುಪಡಿ ಬರೆದುಕೊಟ್ಟಿದ್ದೇನೆ. ಭಾನುವಾರದ ಪತ್ರಿಕೆಯಲ್ಲಿ ಬರುತ್ತದೆ. ಅಣ್ಣನ ಕೆಲಸ, ಕಂಬಳಿ, ಬೆರಳು ಎಲ್ಲವನ್ನೂ ಹಾಕಿದ್ದೇನೆ, ಮಗಳಿಗೆ ಆ ಬೆರಳು ಬಂದದ್ದು ಅವಳಪ್ಪನಿಂದ ಎಂಬುದನ್ನೂ. ಮಾಲೀಕರಿಗೆ ಮೊದಲೇ ಓದಿ ಹೇಳಿದೆ. ಅವರು ಬೈಯಲಿಲ್ಲ. "ಮೇಜು ಖಾಲಿ ಮಾಡಿ" ಎಂದರು, ಅಷ್ಟೇ. ಬೂಟು ಕೊಂಡಿರುವವರಿಗೂ ಫೋನ್ ಮಾಡಿ ಹೇಳಿದೆ. ಒಬ್ಬರೂ ನಂಬುವುದಿಲ್ಲ. ಅವರಿಗೆ ಅದು ಜನರಲ್‌ನ ಬೆರಳೇ ಆಗಬೇಕು.

ಕಾಲಿನ ಅಚ್ಚು ಕೇಳಲು ಬಂದವನಿಗೆ ನಿಮ್ಮ ವಿಳಾಸ ಕೊಟ್ಟವನು ನಾನು. ಬೂಟು ಹೊಲಿದವರ ಹಳೆಯ ಉಪಕರಣ ಸಿಗುತ್ತವೆಯೇ ಎಂದು ಕೇಳಿದ್ದ. ನಿಮಗೂ ನಾಲ್ಕು ಕಾಸಾಗಲಿ ಎಂದುಕೊಂಡೆ. ಕೂಸಿನ ಕಾಲಿನ ವಿಷಯ ದೇವರಾಣೆ ನನಗೆ ಗೊತ್ತಿರಲಿಲ್ಲ.

ಮ್ಯೂಸಿಯಂ ಎಂದದ್ದು ಸುಳ್ಳು. ಆ ಜೋಡಿ ನನಗೇ ಬೇಕಿತ್ತು.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜೋಡಿ ಬೂಟು ಬಂತು. ಅಸಲಿಯೋ ನಕಲಿಯೋ ನೋಡಿ ಎಂದರು. ಎಡ ಬೂಟಿನೊಳಗೆ ಕೈ ಹಾಕಿದೆ. ತುದಿಯಲ್ಲಿ ಆ ಗುಳಿ ಸಿಕ್ಕಿತು. ಚಿಕ್ಕಂದಿನಲ್ಲಿ ಅಣ್ಣನೂ ನಾನೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಚಳಿಯಾದರೆ ನನ್ನ ಕಾಲನ್ನು ಅವನ ಕಾಲಿನ ಮೇಲೆ ಇಡುತ್ತಿದ್ದೆ. ಆ ಬೆರಳು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅಸಲಿ ಎಂದೆ. "ಹೇಗೆ ಹೇಳ್ತೀರಿ?" ಎಂದರು ಮಾಲೀಕರು. ಎಡಗಾಲಿನ ಕಿರುಬೆರಳು ಎಂದೆ. ಯಾರ ಬೆರಳು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಣ್ಣ ತೀರಿಕೊಂಡಾಗ ನಾನು ಬರಲಿಲ್ಲ. ಅದಾದ ಮೇಲೆ ಬೂಟು ಬಂದಾಗಲೆಲ್ಲ ಕೋಣೆಯ ಬಾಗಿಲು ಹಾಕಿ, ಒಳಗೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ. ಆಮೇಲೆ ಪ್ರಮಾಣಪತ್ರ ಬರೆಯುತ್ತೇನೆ. ಆಮೇಲೆ ಮಾರುತ್ತೇವೆ.

ನೀವು ಸುಟ್ಟದ್ದಕ್ಕೆ ನಾನೇನೂ ಹೇಳುವ ಹಾಗಿಲ್ಲ. ಕೂಸಿಗೆ ಬೇಕಿದ್ದರೆ ನನ್ನ ರಕ್ತ ಕೊಡುತ್ತೇನೆ, ಪರೀಕ್ಷೆ ಮಾಡಿಸಿ ಎಲ್ಲರ ಮುಖಕ್ಕೆ ಹಿಡಿಯಲಿ. ಈ ಪತ್ರವನ್ನು ಅವಳಿಗೂ ಓದಲು ಕೊಡಿ.

ನಿಮ್ಮ ಮೊಳೆ


ಮೇ 19

ಪ್ರೀತಿಯ ಮೊಳೆಗೆ,

ಭಾನುವಾರದ ಪತ್ರಿಕೆಯಲ್ಲಿ ನೀನು ಬರೆದದ್ದು ಬಂತು. ನಾಲ್ಕನೆಯ ಪುಟದಲ್ಲಿ, ಬಾಡಿಗೆ ಮನೆಗಳ ಜಾಹೀರಾತಿನ ಮೇಲೆ. ಚೆನ್ನಾಗಿ ಬರೆದಿದ್ದೀಯ. ಮ್ಯಾನೇಜರು ಅದನ್ನು ಕತ್ತರಿಸಿ ಈಜುಕೊಳದ ಬಾಗಿಲಿಗೆ ಅಂಟಿಸಿದ್ದಾರೆ. "ಮೈದುನ ಇನ್ನೇನು ಹೇಳ್ತಾನೆ" ಎಂದು ಕೆಲವರು ಅಂದರಂತೆ. ನಾಲ್ಕೈದು ಮಕ್ಕಳು ತಿರುಗಿ ಬಂದಿದ್ದಾರೆ. ಹೆಸರು ಬರೆಸಿದ್ದಾರೆ, ಮಗಳ ಕಾಲು ವಾಸಿಯಾದ ಮೇಲೆ ಕಲಿಸುತ್ತಾಳೆ.

ಕಾಲಿನ ವಿಷಯ ಹೇಳುತ್ತೇನೆ. ನಿನ್ನ ಪತ್ರ ಬುಧವಾರವೇ ನನ್ನ ಕೈ ಸೇರಿತ್ತು. ಬರೀ ಪತ್ರ ಏಕೆ, ಭಾನುವಾರ ಪತ್ರಿಕೆಯ ಜೊತೆಗೇ ಅವಳ ಕೈಗೆ ಇಡೋಣ, ಎರಡನ್ನೂ ಒಟ್ಟಿಗೆ ನೋಡಲಿ ಎಂದು ಗುಂಡಿಯ ಡಬ್ಬದಲ್ಲಿ ಇಟ್ಟೆ. ಗುರುವಾರ ಬೆಳಿಗ್ಗೆ ಅವಳು ಕೆಲಸವಿದೆ ಎಂದು ಹೋದಳು. ಸಂಜೆ ಟ್ಯಾಕ್ಸಿಯಲ್ಲಿ ಬಂದಳು, ಎಡಗಾಲಿಗೆ ಪಟ್ಟಿ ಕಟ್ಟಿತ್ತು. "ನೇರ ಮಾಡಿಸ್ಕೊಂಡೆ ಅಮ್ಮ. ಸಣ್ಣ ಆಪರೇಷನ್. ಒಂದು ತಂತಿ ಇಟ್ಟಿದಾರೆ, ಆಮೇಲೆ ತೆಗೀತಾರೆ" ಎಂದಳು. ಊಟ ಮಾಡಿದೆಯಾ ಎಂದು ಕೇಳಿದೆ.

ಆಮೇಲೆ ನಿನ್ನ ಪತ್ರ ಕೊಟ್ಟೆ. ಎರಡು ಸಲ ಓದಿದಳು. ರಕ್ತದ ಪರೀಕ್ಷೆ ಬೇಡವಂತೆ. "ನಾನು ಯಾರ ಮಗಳು ಅಂತ ಚೀಟಿ ಹಿಡ್ಕೊಂಡು ತಿರುಗಲಾ?" ಎಂದಳು. ನಿನ್ನ ಮೇಲೆ ಅವಳಿಗೆ ಕೋಪವಿಲ್ಲ. ಮನೆಗೆ ಬಂದಿರು ಎನ್ನುತ್ತಿದ್ದಾಳೆ. ಮಹಡಿಯ ಇನ್ನೊಂದು ಕೋಣೆ ಖಾಲಿ ಇದೆ, ಬಾ.

ನಿನ್ನೆ ಡ್ರೆಸ್ಸಿಂಗ್ ಬದಲಿಸುವಾಗ ನಾನೇ ಅವಳ ಕಾಲನ್ನು ಹಿಡಿದುಕೊಂಡಿದ್ದೆ. ಒಳ್ಳೆಯ ಡಾಕ್ಟರು. ಬೆರಳು ಎಲ್ಲರ ಬೆರಳಿನಂತೆ ಆಗಿದೆ, ಸಾಲಾಗಿ ಕೂತಿದೆ. ತುಂಬ ಹೊತ್ತು ನೋಡಿದೆ. ನೋಡುತ್ತ ನೋಡುತ್ತ ನಿನ್ನ ಅಣ್ಣನದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದೆ. ಸರಿಯಾಗಿ ನೆನಪಾಗಲಿಲ್ಲ. ಮುಖದ ಫೋಟೋ ಇದೆ, ಕಾಲಿನ ಫೋಟೋ ಯಾರು ತೆಗೆಸುತ್ತಾರೆ. ಮನೆಯಲ್ಲಿದ್ದ ಜೋಡಿಯನ್ನು ನಾನೇ ಬೆಂಕಿಗೆ ಹಾಕಿದೆ.

ಉಳಿದದ್ದೆಲ್ಲ ಆ ಜನರ ಮನೆಗಳಲ್ಲಿದೆ. ಹಡಗಿನವರ ಹತ್ತಿರ, ಆ ಹೆಂಗಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾಲು ತೂರಿಸಿ ನೋಡಿದವರ ಹತ್ತಿರ. ಅಚ್ಚಿನವನ ಹತ್ತಿರವೂ ಒಂದು ಜೋಡಿ ಇದೆಯಲ್ಲ. ಅದು ಜನರಲ್‌ನದೇ ಎಂದು ಅವರು ಅಂದುಕೊಂಡಿದ್ದರೆ ಅಂದುಕೊಂಡಿರಲಿ. ನಾನು ವಾದ ಮಾಡುವುದಿಲ್ಲ, ಯಾರ ಹೆಂಡತಿ ಎಂದೂ ಹೇಳುವುದಿಲ್ಲ. ಅವರಲ್ಲಿ ಯಾರಾದರೊಬ್ಬರು ನನಗೆ ಒಂದು ಗಳಿಗೆ ಎಡ ಬೂಟಿನೊಳಗೆ ಕೈ ಹಾಕಲು ಬಿಡುತ್ತಾರೆಯೇ, ಕೇಳಿ ಬರೆ. ಎಷ್ಟು ದೂರವಾದರೂ ಬರುತ್ತೇನೆ.

ನಿನ್ನ ಅತ್ತಿಗೆ